ದೂರು ಹೇಳಿ, ಬರೆದುಕೊಳ್ಳುತ್ತೇನೆ

ಕ್ಯಾನ್ಸರ್ ಗುಣವಾಗಿ ಮನೆಗೆ ಬಂದವರನ್ನು ಎಲ್ಲರೂ ಕೇಳುವ ಒಂದು ಪ್ರಶ್ನೆ ಇದೆ. ‘ಜೀವ ಉಳೀತಲ್ಲ, ಇನ್ನೇನು ಬೇಕು?’ ಮಗ ಕೇಳುತ್ತಾನೆ, ಸೊಸೆ ಕೇಳುತ್ತಾಳೆ, ನೋಡಲು ಬಂದ ನೆಂಟರು ಕೇಳುತ್ತಾರೆ. ಒಮ್ಮೊಮ್ಮೆ ಡಾಕ್ಟರೂ ಕೇಳುತ್ತಾರೆ. ಯಾರ ಮನಸ್ಸಿನಲ್ಲೂ ಕೆಟ್ಟದ್ದಿರುವುದಿಲ್ಲ. ಹಸು ಮಾರಿ, ಒಡವೆ ಅಡವಿಟ್ಟು, ತಿಂಗಳುಗಟ್ಟಲೆ ಆಸ್ಪತ್ರೆಗೆ ಓಡಾಡಿದ ಮನೆಯವರಿಗೆ ಜೀವ ಉಳಿದದ್ದೇ ದೊಡ್ಡದು, ಅಲ್ವಾ. ಆದರೆ ಆ ಮಾತು ಕಿವಿಗೆ ಬಿದ್ದ ಮೇಲೆ ಗುಣವಾದವರು ತಮ್ಮ ಕಷ್ಟ ಹೇಳಿಕೊಳ್ಳುವುದನ್ನೇ ಬಿಟ್ಟುಬಿಡುತ್ತಾರೆ. ಹೇಳಿಕೊಂಡರೆ ಮಾಡಿದ ಉಪಕಾರ ಮರೆತ ಹಾಗಾಗುತ್ತದೆ ಎಂಬ ಭಯ. ಅವರು ನುಂಗಿಕೊಂಡ ಆ ದೂರುಗಳನ್ನು ಕೇಳಿ ಬರೆದುಕೊಳ್ಳುವುದು, ಅಳೆಯುವುದು, ಪರಿಹಾರ ಇದೆಯಾ ಎಂದು ಪರೀಕ್ಷಿಸುವುದು, ಇಷ್ಟೇ ನನ್ನ ಕೆಲಸ. ಇದಕ್ಕೆ ಸಂಶೋಧನೆ ಎಂದು ಹೆಸರು.

ನಾನು ಓದಿದ್ದು ಫಿಸಿಯೋಥೆರಪಿ. ಊರು ಶ್ರೀನಿವಾಸಪುರದ ಕಡೆ, ಸುತ್ತಲೂ ಮಾವಿನ ತೋಪು. ಬೆಂಗಳೂರಿನಲ್ಲಿ ಓದಿ, ಅಲ್ಲೇ ಸ್ವಲ್ಪ ಕಾಲ ಕೆಲಸ ಮಾಡಿ, ಆಮೇಲೆ ಕೋಲಾರಕ್ಕೆ ಬಂದೆ. ಆಗ ನನ್ನ ಕೆಲಸ ಇದ್ದದ್ದು ಸರ್ಜರಿ ವಾರ್ಡಿನಲ್ಲಿ. ಆಪರೇಶನ್ ಆದವರಿಗೆ ಉಸಿರಾಟದ ವ್ಯಾಯಾಮ ಮಾಡಿಸಬೇಕು, ಮಂಚದಿಂದ ಎಬ್ಬಿಸಿ ನಡೆಸಬೇಕು, ಕಫ ತೆಗೆಸಬೇಕು. ಡಿಸ್ಚಾರ್ಜ್ ಆದರೆ ನನ್ನ ಪಾಲಿನದು ಮುಗಿಯಿತು. ಆಮೇಲೆ ಅವರು ನನಗೆ ಸಿಗುತ್ತಿದ್ದದ್ದು ಬಸ್ ಸ್ಟ್ಯಾಂಡಿನಲ್ಲೋ ಸಂತೆಯಲ್ಲೋ. ಸೆರಗನ್ನು ಬಾಯಿಗೆ ಅಡ್ಡ ಹಿಡಿದುಕೊಂಡಿರುತ್ತಿದ್ದರು. ‘ಹೇಗಿದ್ದೀರಮ್ಮ?’ ಅಂದರೆ ‘ಚೆನ್ನಾಗಿದ್ದೀನಿ ಮೇಡಂ, ದೇವರು ಇಟ್ಟಂಗೆ’ ಅನ್ನುತ್ತಿದ್ದರು. ಮೈ ಮಾತ್ರ ಇಳಿದುಹೋಗಿರುತ್ತಿತ್ತು. ಅವರ ಫೈಲಿನಲ್ಲೂ ಅದೇ: ರೋಗ ಮರುಕಳಿಸಿಲ್ಲ, ಮೂರು ತಿಂಗಳು ಬಿಟ್ಟು ಬರುವುದು. ಫೈಲು ಸುಳ್ಳು ಹೇಳಿರಲಿಲ್ಲ. ಆದರೆ ಫೈಲಿಗೂ ಆ ಮುಖಕ್ಕೂ ತಾಳೆಯೇ ಆಗುತ್ತಿರಲಿಲ್ಲ. ನಾನು ಸಂಶೋಧನೆಗೆ ಬಂದದ್ದು ಆ ತಾಳೆಯಾಗದ ಜಾಗದಿಂದ.

ಕೋಲಾರ ಜಿಲ್ಲೆಯಲ್ಲಿ ಬಾಯಿ ಕ್ಯಾನ್ಸರ್ ಜಾಸ್ತಿ. ಅದರಲ್ಲೂ ಹೆಂಗಸರು ತುಂಬ ಕಾಣುತ್ತಾರೆ. ಎಲೆ, ಅಡಿಕೆ, ಸುಣ್ಣ, ಹೊಗೆಸೊಪ್ಪು ಸೇರಿಸಿ ಕೆನ್ನೆಯ ಒಳಗೆ ಒತ್ತಿಟ್ಟುಕೊಳ್ಳುವ ಅಭ್ಯಾಸ ಇಲ್ಲಿ ಹಳೆಯದು. ಕೆಲವರು ಅದನ್ನು ಕೆನ್ನೆಯಲ್ಲಿಟ್ಟುಕೊಂಡೇ ಮಲಗುತ್ತಾರೆ. ವರ್ಷಗಟ್ಟಲೆ ಅದೇ ಜಾಗ ಬೇಯುತ್ತದೆ, ಹುಣ್ಣೂ ಅಲ್ಲೇ ಏಳುತ್ತದೆ. ಹಸಿವು ಕಾಣದಿರಲಿ, ಬಿಸಿಲಿನಲ್ಲಿ ಕಳೆ ಕೀಳುವಾಗ ದಣಿವು ಗೊತ್ತಾಗದಿರಲಿ ಎಂದು ಹಾಕಿಕೊಳ್ಳಲು ಶುರು ಮಾಡಿದವರು ಇವರೆಲ್ಲ. ‘ನೀನೇ ತಂದುಕೊಂಡ ರೋಗ’ ಎಂದು ಅವರಿಗೆ ಹೇಳುವವರನ್ನು ಕಂಡರೆ ನನಗೆ ಇವತ್ತಿಗೂ ಸಿಟ್ಟು ಬರುತ್ತದೆ. ಆ ಮಾತು ಕೇಳಿದವರು ಆಮೇಲೆ ಯಾವ ನೋವನ್ನೂ ಬಾಯಿಬಿಟ್ಟು ಹೇಳುವುದಿಲ್ಲ.

ಚಿಕಿತ್ಸೆ ಸಣ್ಣದಲ್ಲ. ಕೆನ್ನೆಯ ಗಡ್ಡೆ ತೆಗೆಯಬೇಕು, ಹಲವರಿಗೆ ದವಡೆ ಮೂಳೆಯ ಒಂದು ಭಾಗವೂ ಹೋಗುತ್ತದೆ. ಕತ್ತಿನ ಗಂಟುಗಳನ್ನು ತೆಗೆಯಬೇಕು. ಖಾಲಿಯಾದ ಜಾಗಕ್ಕೆ ಎದೆಯಿಂದ ಚರ್ಮ, ಮಾಂಸಖಂಡ ತಂದು ಹೊಲಿಯುತ್ತಾರೆ. ಗಾಯ ಆರಿದ ಮೇಲೆ ಆರು ವಾರದಷ್ಟು ರೇಡಿಯೇಶನ್. ನಮ್ಮ ಕಡೆ ಅದನ್ನು ಕರೆಂಟ್ ಇಡೋದು ಅನ್ನುತ್ತಾರೆ. ಇಷ್ಟನ್ನೂ ತಡೆದುಕೊಂಡು ಬಂದವರ ಮುಂದೆ ನಾನು ಹಾಳೆ ಹಿಡಿದು ಕೂರುತ್ತೇನೆ. ಮೊದಲು ಕೇಳುವುದು ಊಟದ ಬಗ್ಗೆ.

ಮುದ್ದೆ ನುಂಗುವ ಊಟ. ಮುರಿದು, ಉಂಡೆ ಮಾಡಿ, ಸಾರಿನಲ್ಲಿ ಅದ್ದಿ, ನಾಲಿಗೆಯ ಮೇಲಿಟ್ಟು ಹಿಂದಕ್ಕೆ ತಳ್ಳುತ್ತೇವೆ, ಹೋಯಿತು. ಇಷ್ಟು ಸಲೀಸಾದ ಕೆಲಸಕ್ಕೆ ಏನೇನು ಬೇಕು ನೋಡಿ. ತುತ್ತು ಹಿಡಿಸುವಷ್ಟು ಬಾಯಿ ತೆರೆಯಬೇಕು. ಹಿಂದಕ್ಕೆ ತಳ್ಳಲು ನಾಲಿಗೆ ಆಡಬೇಕು. ಜಾರಲು ಜೊಲ್ಲು ಇರಬೇಕು. ಉಸಿರಿನ ದಾರಿ ಸರಿಯಾದ ಹೊತ್ತಿಗೆ ಮುಚ್ಚಿಕೊಳ್ಳಬೇಕು. ಬಾಯಿ ಕ್ಯಾನ್ಸರ್ ಚಿಕಿತ್ಸೆ ಈ ನಾಲ್ಕಕ್ಕೂ ಪೆಟ್ಟು ಕೊಡಬಲ್ಲದು. ಹಾಗಾಗಿ ಮುದ್ದೆ ತಿಂದು ಬೆಳೆದ ಮನುಷ್ಯ ಗಂಜಿಗೆ ಬರುತ್ತಾನೆ. ರಾಗಿ ಗಂಜಿ ಒಳ್ಳೆಯದೇ. ಆದರೆ ಮನೆಯವರೆಲ್ಲ ಮುದ್ದೆ ಬಸ್ಸಾರು ಉಣ್ಣುವಾಗ ಒಬ್ಬರ ಮುಂದೆ ಮಾತ್ರ ಲೋಟ ಇದ್ದರೆ ಅವರಿಗೆ ಹೇಗಾಗಬೇಡ? ಆಮೇಲೆ ಅವರು ಜೊತೆಗೆ ಕೂರುವುದನ್ನೇ ಬಿಡುತ್ತಾರೆ. ‘ನೀವು ಉಣ್ಣಿ, ನಂಗೆ ಆಮೇಲೆ’ ಅನ್ನುತ್ತಾರೆ. ತುಟಿಯ ಮೂಲೆಯಿಂದ ಸೋರುತ್ತದೆ, ಒಂದು ಲೋಟ ಗಂಜಿಗೆ ಮುಕ್ಕಾಲು ಗಂಟೆ ಹಿಡಿಯುತ್ತದೆ, ಮಧ್ಯೆ ಕೆಮ್ಮು. ಮದುವೆ ಮನೆಗೆ ಹೋದರೂ ಅಕ್ಷತೆ ಹಾಕಿ ಪಂಕ್ತಿಗೆ ಮುಂಚೆ ಹೊರಟುಬಿಡುತ್ತಾರೆ.

ಇದನ್ನೆಲ್ಲ ಅಳೆಯಲು ಪ್ರಶ್ನಾವಳಿಗಳಿವೆ. ಕ್ಯಾನ್ಸರ್ ರೋಗಿಗಳ ಬದುಕಿನ ಗುಣಮಟ್ಟಕ್ಕೆಂದು ಯುರೋಪಿನ ಇಒಆರ್‌ಟಿಸಿ ಸಂಸ್ಥೆಯವರು 30 ಪ್ರಶ್ನೆಗಳ ಒಂದು ಪಟ್ಟಿ ಮಾಡಿ, 1993ರಲ್ಲಿ ಅದರ ವಿವರ ಪ್ರಕಟಿಸಿದರು. ಇವತ್ತು ಜಗತ್ತಿನಲ್ಲಿ ತುಂಬ ಬಳಕೆಯಲ್ಲಿರುವುದು ಅದೇ. ತಲೆ ಮತ್ತು ಕತ್ತಿನ ಕ್ಯಾನ್ಸರ್‌ಗೆ ಅದರ ಜೊತೆಗೇ ಸೇರಿಸುವ 35 ಪ್ರಶ್ನೆಗಳ ಇನ್ನೊಂದು ಹಾಳೆ ಇದೆ. ಬಾಯಿ ಒಣಗುತ್ತದೆಯೇ, ಜೊಲ್ಲು ಅಂಟಂಟಾಗಿದೆಯೇ, ಬಾಯಿ ಅಗಲಿಸಲು ಕಷ್ಟವೇ ಎಂದು ಕೇಳುತ್ತದೆ. ಮನೆಯವರ ಮುಂದೆ ಊಟ ಮಾಡಲು ತೊಂದರೆಯೇ, ಬೇರೆಯವರ ಮುಂದೆ ತೊಂದರೆಯೇ ಎಂದೂ ಬೇರೆ ಬೇರೆಯಾಗಿ ಕೇಳುತ್ತದೆ. ಅದನ್ನು ಮೊದಲ ಸಲ ಓದಿದಾಗ ನಮ್ಮೂರಿನ ಮದುವೆ ಮನೆ ನೋಡಿದವರೇ ಬರೆದಿದ್ದಾರೆ ಅನ್ನಿಸಿತು. ಎಲ್ಲಿಯದೋ ಹಾಳೆ, ಇಲ್ಲಿಯ ಸಂಕಟ ಅದಕ್ಕೆ ಗೊತ್ತಿತ್ತು. ನನ್ನ ಕೆಲಸದ ಮೇಲೆ ನನಗೆ ಗಟ್ಟಿ ನಂಬಿಕೆ ಬಂದದ್ದು ಆವಾಗ.

ಹಾಗಂತ ಎಲ್ಲವೂ ಅದರಲ್ಲಿ ಹಿಡಿಸುವುದಿಲ್ಲ. ನುಂಗುವುದರ ಬಗ್ಗೆ ಕೇಳುವಾಗ ದ್ರವ ಆಹಾರ, ನುಣ್ಣಗೆ ಅರೆದ ಆಹಾರ, ಗಟ್ಟಿ ಆಹಾರ ಎಂದು ಮೂರು ಸಾಲು. ಮುದ್ದೆ ಯಾವ ಸಾಲಿಗೆ? ಮೆತ್ತಗಿದೆ, ಆದರೂ ಒಣ ಬಾಯಿಯಲ್ಲಿ ಅಂಗುಳಕ್ಕೆ ಹಿಡಿದುಕೊಂಡರೆ ಬಿಡಿಸುವುದು ಚಪಾತಿಗಿಂತ ಕಷ್ಟ. ಇನ್ನೊಂದು ಪ್ರಶ್ನೆ, ಭಾರವಾದ ಚೀಲ ಅಥವಾ ಸೂಟ್‌ಕೇಸ್ ಹೊರಲು ಕಷ್ಟವೇ ಎನ್ನುವುದು. ಮುಳಬಾಗಿಲ ಕಡೆಯ ಅಜ್ಜಿಯೊಬ್ಬರು ‘ನಾನ್ಯಾಕಮ್ಮ ಸೂಟ್‌ಕೇಸ್ ಹೊರಲಿ, ಹುಲ್ಲಿನ ಹೊರೆ ಎತ್ತಕ್ಕಾಗಲ್ಲ ಅಂತ ಬರ್ಕೋ’ ಅಂದರು. ಇಂಥ ಪ್ರಶ್ನಾವಳಿಯನ್ನು ನಮಗೆ ಬೇಕಾದ ಹಾಗೆ ತಿದ್ದುವಂತಿಲ್ಲ. ತಿದ್ದಿದರೆ ಬೇರೆ ಊರಿನ, ಬೇರೆ ದೇಶದ ಅಂಕಗಳ ಜೊತೆ ಹೋಲಿಸಿ ನೋಡಲು ಬರುವುದಿಲ್ಲ. ಅದಕ್ಕೆ ಪ್ರಶ್ನೆಯನ್ನು ಇದ್ದ ಹಾಗೇ ಓದುತ್ತೇನೆ, ಅಂಕ ಹಾಕಿಸಿಕೊಳ್ಳುತ್ತೇನೆ. ಆಮೇಲೆ ಅವರು ಹೇಳಿದ ಮಾತನ್ನು ಅಂಚಿನಲ್ಲಿ ಬರೆದುಕೊಳ್ಳುತ್ತೇನೆ. ತೆಲುಗಿನಲ್ಲಿ ಹೇಳಿದರೆ ತೆಲುಗಿನಲ್ಲೇ. ಮುಳಬಾಗಿಲು, ಶ್ರೀನಿವಾಸಪುರದ ಕಡೆ ಮನೆಮಾತು ತೆಲುಗಿನವರು ಬಹಳ ಜನ. ನೋವು ಬಂದಾಗ ಮನೆಮಾತೇ ಬರುವುದು. ನನ್ನ ಮಟ್ಟಿಗೆ ಆ ಅಂಚಿನ ಮಾತುಗಳು ಅಂಕಗಳಷ್ಟೇ ಬೆಲೆಯುಳ್ಳವು. ನಾನು ಮುಂದೆ ಮಾಡಿದ ಪ್ರತಿಯೊಂದು ಕೆಲಸದ ಬೀಜ ಅಲ್ಲೇ ಇತ್ತು.

ಈ ಕ್ಷೇತ್ರ ಹಳೆಯದೇನಲ್ಲ. ಫಿಟ್ಜ್‌ಹ್ಯೂ ಮಲ್ಲನ್ ಎಂಬ ಅಮೆರಿಕದ ವೈದ್ಯರಿಗೆ 32ನೇ ವಯಸ್ಸಿನಲ್ಲಿ ಎದೆಯೊಳಗೆ ಕ್ಯಾನ್ಸರ್ ಬಂತು. ಗುಣವಾದ ಮೇಲೆ, 1985ರಲ್ಲಿ, ಅವರು ಒಂದು ವೈದ್ಯಕೀಯ ಪತ್ರಿಕೆಯಲ್ಲಿ ತಮ್ಮ ಅನುಭವ ಬರೆದರು. ನೀರಿನಲ್ಲಿ ಮುಳುಗುತ್ತಿದ್ದವರನ್ನು ಮೇಲೆತ್ತುವ ವಿದ್ಯೆ ಚೆನ್ನಾಗಿ ಕಲಿತಿದ್ದೇವೆ, ಎತ್ತಿದ ಮೇಲೆ ದಡದಲ್ಲಿ ಕೆಮ್ಮುತ್ತಾ ಒದ್ದಾಡಲು ಬಿಟ್ಟು ನಮ್ಮ ಕೆಲಸ ಮುಗಿಯಿತು ಅಂದುಕೊಳ್ಳುತ್ತೇವೆ ಎಂಬುದು ಅವರ ಮಾತಿನ ಸಾರ. ಮರುವರ್ಷ ಅವರೂ ಇನ್ನೂ ಕೆಲವರೂ ಸೇರಿ ಅಲ್ಲಿ ಒಂದು ಒಕ್ಕೂಟ ಕಟ್ಟಿದರು. ಚಿಕಿತ್ಸೆ ಮುಗಿದು ಐದು ವರ್ಷ ಕಳೆದವರನ್ನು ಮಾತ್ರ ಗೆದ್ದವರು ಅನ್ನುವ ಲೆಕ್ಕ ಆಗ ಇತ್ತು. ಇವರು ಅದನ್ನು ಒಪ್ಪಲಿಲ್ಲ. ರೋಗ ಗೊತ್ತಾದ ದಿನದಿಂದಲೇ ಆ ಮನುಷ್ಯನ ಮುಂದಿನ ಬದುಕಿನ ಬಗ್ಗೆ ಯೋಚನೆ ಶುರುವಾಗಬೇಕು ಅಂದರು. ಈ ಮಾತು ಇಷ್ಟು ವರ್ಷವಾದರೂ ನಮ್ಮ ಕಡೆಯ ವಾರ್ಡುಗಳಿಗೆ ಇನ್ನೂ ಪೂರ್ತಿ ಬಂದಿಲ್ಲ.

ಲಾಸ್ ಏಂಜಲೀಸ್‌ನ ಪೆಟ್ರೀಷಿಯಾ ಗ್ಯಾನ್ಜ್ ಅವರ ಕೆಲಸವನ್ನೂ ನಾನು ಹುಡುಕಿ ಹುಡುಕಿ ಓದಿದೆ. ಸ್ತನ ಕ್ಯಾನ್ಸರ್‌ನಿಂದ ಗುಣವಾದ ಹೆಂಗಸರ ಸುಸ್ತು, ನಿದ್ದೆ, ಮರೆವು, ದಾಂಪತ್ಯ, ಇಂಥವನ್ನೇ ಹಿಡಿದು ದಶಕಗಟ್ಟಲೆ ಸಂಶೋಧನೆ ಮಾಡಿದ ವೈದ್ಯೆ ಅವರು. ಬೇರೆಯವರು ಹೊಸ ಔಷಧಿಯ ಹಿಂದೆ ಹೋದಾಗ ಇವರು ಅದೇ ಹೆಂಗಸರನ್ನು ‘ಈಗ ಹೇಗಿದ್ದೀರಿ?’ ಎಂದು ಕೇಳುತ್ತಾ ಹೋದರು. ಒಂದು ಇಡೀ ವೃತ್ತಿಜೀವನವನ್ನು ಆ ಪ್ರಶ್ನೆಗೆ ಕೊಡಬಹುದು ಎಂದು ಧೈರ್ಯ ಬಂದದ್ದು ಅವರಿಂದ.

ಧೈರ್ಯ ಬೇಕಾಗಿತ್ತು. ನನ್ನ ಪಿಎಚ್‌ಡಿ ವಿಷಯ ಮಂಡಿಸಿದಾಗ ಸಮಿತಿಯಲ್ಲಿದ್ದ ಹಿರಿಯರೊಬ್ಬರು ಹಾಳೆ ಪಕ್ಕಕ್ಕಿಟ್ಟು, ‘ಬಾಯಿ ಎಷ್ಟು ತೆರೆಯುತ್ತೆ, ಏನು ಉಣ್ತಾರೆ, ಇದರಲ್ಲಿ ವಿಜ್ಞಾನ ಏನಿದೆಯಮ್ಮ?’ ಅಂದರು. ಸರ್ವೈವಲ್, ಅಂದರೆ ಎಷ್ಟು ಜನ ಬದುಕುಳಿದರು ಎನ್ನುವುದು ಅಂಕಿ, ಊಟ ಎನ್ನುವುದು ಕಥೆ ಎಂಬುದು ಅವರ ಭಾವನೆ. ಆಮೇಲೆ ಒಪ್ಪಿಗೆ ಸಿಕ್ಕಿತು, ಆದರೆ ತಡವಾಯಿತು. ದುಡ್ಡು ಇನ್ನೂ ತಡವಾಗಿ ಬಂತು. ಆ ಪ್ರಶ್ನೆಗೆ ಉತ್ತರವನ್ನು ಇಲ್ಲಿ ಬರೆಯುತ್ತೇನೆ.

ಬಾಯಿ ಮುಚ್ಚಿಕೊಂಡು ಹೋಗುವುದು ಹೇಗೆ? ದವಡೆಯನ್ನು ಎಳೆದು ಮುಚ್ಚುವ ಮಾಂಸಖಂಡಗಳು ಕೆನ್ನೆಯ ಹಿಂಬದಿಯಲ್ಲಿವೆ. ಆಪರೇಶನ್ನಿನ ಗಾಯ ಅಲ್ಲಿ ಗಟ್ಟಿಯಾಗುತ್ತದೆ. ಮೇಲೆ ರೇಡಿಯೇಶನ್ ಬಿದ್ದರೆ ಮೆತ್ತಗಿನ ಮಾಂಸ ನಾರಾಗುತ್ತದೆ. ನಮ್ಮಲ್ಲಿ ಇನ್ನೊಂದು ತೊಡಕಿದೆ. ಅಡಿಕೆ ಜಾಸ್ತಿ ತಿಂದವರಿಗೆ ಕ್ಯಾನ್ಸರ್ ಬರುವ ಮುಂಚೆಯೇ ಕೆನ್ನೆಯ ಒಳಪದರ ಬಿಗಿದುಕೊಂಡು ಬಾಯಿ ಅರ್ಧಕ್ಕೆ ನಿಂತಿರುತ್ತದೆ. ಆರೋಗ್ಯವಂತರ ಮುಂದಿನ ಮೇಲ್ಹಲ್ಲು, ಕೆಳಹಲ್ಲಿನ ನಡುವೆ ಸಾಮಾನ್ಯವಾಗಿ 40ರಿಂದ 50 ಮಿಲಿಮೀಟರ್ ಅಂತರ ಸಿಗುತ್ತದೆ. ನೆದರ್ಲೆಂಡ್ಸ್‌ನ ಸಂಶೋಧಕರು 2006ರಲ್ಲಿ, ರೋಗಿಗಳ ಅನುಭವವನ್ನೇ ಅಳತೆಯ ಪಕ್ಕದಲ್ಲಿಟ್ಟು ನೋಡಿ, 35 ಮಿಲಿಮೀಟರ್ ಅಥವಾ ಅದಕ್ಕಿಂತ ಕಡಿಮೆಯಾದರೆ ತೊಂದರೆ ಎಂದು ಗೆರೆ ಎಳೆದರು. ದೂರಿನಿಂದ ಅಂಕಿ ಹುಟ್ಟುವುದು ಹೀಗೆ. ಇವತ್ತು ಎಲ್ಲ ಕಡೆ ಬಳಸುವುದು ಅದೇ ಗೆರೆ.

ಬಿಗಿದ ಬಾಯಿ ಬಿಡಿಸಲು ಯಂತ್ರಗಳಿವೆ. ಹೊರದೇಶದವು, ದುಬಾರಿ. ಐಸ್‌ಕ್ರೀಮ್ ಕಡ್ಡಿಗಳೂ ಇವೆ. ಒಂದರ ಮೇಲೊಂದು ಕಡ್ಡಿ ಜೋಡಿಸಿ ಹಲ್ಲಿನ ನಡುವೆ ಇಟ್ಟು ಸ್ವಲ್ಪ ಹೊತ್ತು ತಡೆಯಬೇಕು. ಅದು ಸಲೀಸಾದಾಗ ನಡುವೆ ಇನ್ನೊಂದು ಕಡ್ಡಿ ತೂರಿಸಬೇಕು. ದಿನಕ್ಕೆ ಹಲವು ಸಲ, ತಿಂಗಳುಗಟ್ಟಲೆ. ವ್ಯಾಯಾಮ ಮಾಡಿದರೆ ಬಾಯಿ ಇನ್ನಷ್ಟು ತೆರೆಯುತ್ತದೆ, ಊಟ, ಮಾತು ಸುಧಾರಿಸುತ್ತದೆ ಎಂದು ಸ್ವೀಡನ್ನಿನ ಗೋಥೆನ್‌ಬರ್ಗ್‌ನವರು 2014ರಲ್ಲಿ ತೋರಿಸಿದರು. ರೇಡಿಯೇಶನ್ನಿಗೆ ಮುಂಚೆಯೇ ಶುರು ಮಾಡಿದರೆ ಎಷ್ಟು ಲಾಭ ಎನ್ನುವುದರ ಬಗ್ಗೆ ಬೇರೆ ಬೇರೆ ಪ್ರಯೋಗಗಳು ಬೇರೆ ಬೇರೆ ಉತ್ತರ ಕೊಟ್ಟಿವೆ. ಬಾಯೆಲ್ಲ ಹುಣ್ಣಾದಾಗ ಜನ ಕಡ್ಡಿ ಕೆಳಗಿಡುತ್ತಾರೆ, ಮತ್ತೆ ಎತ್ತಿಕೊಳ್ಳುವುದಿಲ್ಲ. ಲಾಭ ಅಳೆಯುವುದು ಕಷ್ಟವಾಗುವುದು ಇಲ್ಲಿ. ಹಾಗಾಗಿ ನಾನು ಕಡ್ಡಿಯ ಜೊತೆಗೆ ಆ ಮನೆಯ ದಿನಚರಿಯನ್ನೂ ಕೇಳಿಕೊಳ್ಳುತ್ತೇನೆ. ಹಾಲು ಕರೆದು ಡೈರಿಗೆ ಹಾಕಿ ಬಂದ ಮೇಲೆ ಒಂದು ಸಲ, ಹಸುವಿಗೆ ಮೇವು ಹಾಕಿ ಒಂದು ಸಲ, ಟಿವಿ ಧಾರಾವಾಹಿಗೆ ಒಂದು ಸಲ. ಗಡಿಯಾರ ನೋಡಿ ಮಾಡಿ ಅಂದರೆ ಮಾಡುವುದಿಲ್ಲ, ಹೀಗೆ ಕಟ್ಟಿಕೊಟ್ಟರೆ ಮಾಡುತ್ತಾರೆ. ಮೊಮ್ಮಕ್ಕಳಿಗೆ ಕಡ್ಡಿ ಎಣಿಸುವ ಕೆಲಸ ಕೊಟ್ಟರೆ ಇನ್ನೂ ಚೆನ್ನಾಗಿ ನಡೆಯುತ್ತದೆ.

ಬಾಯಿ ಒಣಗುವುದು ಇನ್ನೊಂದು ದೊಡ್ಡ ದೂರು. ರಾತ್ರಿ ನಾಲ್ಕೈದು ಸಲ ಎದ್ದು ನೀರು ಕುಡಿಯುತ್ತಾರೆ. ಜೊಲ್ಲು ಇಲ್ಲದ ಬಾಯಿಯಲ್ಲಿ ಹಲ್ಲು ಬೇಗ ಹುಳುಕಾಗುತ್ತದೆ. ಹುಳುಕಾಯಿತೆಂದು ರೇಡಿಯೇಶನ್ ಬಿದ್ದ ದವಡೆಯಿಂದ ಹಲ್ಲು ಕೀಳಿಸಿದರೆ ಗಾಯ ಆರದೆ ಮೂಳೆಯೇ ಸಾಯಬಹುದು. ಅದಕ್ಕೇ ರೇಡಿಯೇಶನ್ ಶುರುವಾಗುವ ಮೊದಲು ಹಲ್ಲಿನ ಡಾಕ್ಟರಿಗೆ ತೋರಿಸಲೇಬೇಕು. ಜೊಲ್ಲುಗ್ರಂಥಿಗಳನ್ನು ತಪ್ಪಿಸಿ ಕಿರಣ ಹಾಯಿಸುವ ಐಎಂಆರ್‌ಟಿ ವಿಧಾನವನ್ನು ಬ್ರಿಟನ್ನಿನಲ್ಲಿ ಹಳೆಯ ವಿಧಾನದ ಎದುರು ಇಟ್ಟು ಪರೀಕ್ಷಿಸಿ 2011ರಲ್ಲಿ ಫಲಿತಾಂಶ ಪ್ರಕಟಿಸಿದರು. ಒಂದು ವರ್ಷದ ನಂತರ ಬಾಯಿ ಸಾಕಷ್ಟು ಅಥವಾ ತೀರಾ ಒಣಗಿದ ತೊಂದರೆ ಹಳೆಯ ವಿಧಾನದವರಲ್ಲಿ 100ಕ್ಕೆ 74 ಮಂದಿಗಿತ್ತು, ಹೊಸದರಲ್ಲಿ 38 ಮಂದಿಗೆ. ಬಾಯಿ ಒಣಗುತ್ತದೆ ಎಂದು ರೋಗಿಗಳು ಹೇಳಿಕೊಳ್ಳದೇ ಇದ್ದಿದ್ದರೆ ಇಂಥ ಪರೀಕ್ಷೆಯೇ ನಡೆಯುತ್ತಿರಲಿಲ್ಲ. ಇದೇ ವಿಜ್ಞಾನ.

ಇನ್ನು ಭುಜ. ಕತ್ತಿನ ಗಂಟು ತೆಗೆಯುವಾಗ ಭುಜ ಎತ್ತುವ ಮಾಂಸಖಂಡಕ್ಕೆ ಹೋಗುವ ನರ ದಾರಿಯಲ್ಲೇ ಸಿಗುತ್ತದೆ. ನರವನ್ನು ಉಳಿಸಿದರೂ ಎಳೆದಾಟಕ್ಕೆ ಸೊರಗಬಹುದು. ತಲೆ ಬಾಚಿಕೊಳ್ಳಲು ಕೈ ಏರುವುದಿಲ್ಲ. ಹೊರೆ ಹೊರುವುದಂತೂ ದೂರ. ಕೋಲಾರದಲ್ಲಿ ಒಂದು ಹೆಂಗಸಿಗೆ ಹುಲ್ಲು ಹೊರಲಾಗದಿದ್ದರೆ ಹಸು ಹೋಗುತ್ತದೆ. ಹಸು ಹೋದರೆ ಅವಳ ಕೈಗೆ ಅಂತ ಬರುತ್ತಿದ್ದ ಹಾಲಿನ ದುಡ್ಡು ಹೋಗುತ್ತದೆ. ಆಮೇಲೆ ಮನೆಯಲ್ಲಿ ಅವಳ ಮಾತಿಗೆ ಮೊದಲಿನ ತೂಕ ಇರುವುದಿಲ್ಲ. ಒಂದು ನರ ಎಲ್ಲಿಗೆ ಮುಟ್ಟಿತು ನೋಡಿ. ಇಂಥ ಭುಜಕ್ಕೆ ಹಂತ ಹಂತವಾಗಿ ಭಾರ ಹೆಚ್ಚಿಸುತ್ತಾ ವ್ಯಾಯಾಮ ಮಾಡಿಸಿದರೆ ನೋವೂ ಕಡಿಮೆ, ಕೆಲಸವೂ ಸುಧಾರಿಸುತ್ತದೆ ಎಂದು ಕೆನಡಾದ ಆಲ್ಬರ್ಟಾದಲ್ಲಿ 2008ರಲ್ಲಿ ತೋರಿಸಿದ್ದಾರೆ.

ಸ್ತನದ ಆಪರೇಶನ್ ಆದವರದ್ದೂ ಹೀಗೇ ಒಂದು ಕಥೆ. ಕಂಕುಳಿನ ಗಂಟು ತೆಗೆದ ಮೇಲೆ ಕೈ ಊದಿಕೊಳ್ಳಬಹುದು. ಅದಕ್ಕೆ ಆ ಕೈಯಲ್ಲಿ ಭಾರ ಎತ್ತಲೇಬೇಡಿ ಎಂದು ವರ್ಷಾನುಗಟ್ಟಲೆ ಹೇಳಿಕೊಂಡು ಬಂದರು. ಬಿಂದಿಗೆ ಎತ್ತಬೇಡ, ಮಗು ಎತ್ತಬೇಡ. ಎತ್ತಿದರೆ ನಿಜವಾಗಿ ಏನಾಗುತ್ತದೆ ಎಂದು ಪೆನ್ಸಿಲ್ವೇನಿಯಾದ ಕ್ಯಾಥರಿನ್ ಶ್ಮಿಟ್ಜ್ ಪರೀಕ್ಷೆ ಮಾಡಿದರು. ಕೈ ಊದಿದ್ದ 141 ಹೆಂಗಸರಲ್ಲಿ ಅರ್ಧ ಜನರಿಗೆ ನಿಧಾನಕ್ಕೆ ಏರುವ ಭಾರದ ವ್ಯಾಯಾಮ ಮಾಡಿಸಿದರು. 2009ರಲ್ಲಿ ಫಲಿತಾಂಶ ಬಂತು. ಊತ ಹೆಚ್ಚಲಿಲ್ಲ. ಊತ ಉಲ್ಬಣಿಸುವುದು ವ್ಯಾಯಾಮ ಮಾಡಿದವರಲ್ಲೇ ಕಡಿಮೆಯಾಗಿತ್ತು, ಬಲವೂ ಬಂದಿತ್ತು. ಆದರೂ ನಮ್ಮಲ್ಲಿ ಇವತ್ತಿಗೂ ‘ಆ ಕೈಲಿ ಏನೂ ಮುಟ್ಟಬೇಡ’ ಎಂದು ಹೇಳಿಸಿಕೊಂಡು ಬರುವವರಿದ್ದಾರೆ. ಹೇಳಿಕೊಡುವವರ ಕಣ್ಣೆದುರು, ಸ್ವಲ್ಪ ಸ್ವಲ್ಪವಾಗಿ ಶುರು ಮಾಡಬೇಕು ಅಷ್ಟೇ. ಒಮ್ಮೆಲೇ ತುಂಬಿದ ಬಿಂದಿಗೆ ಎತ್ತುವುದು ಬೇಡ.

ಕೆಲವು ದೂರುಗಳು ಸುಲಭಕ್ಕೆ ಬಾಯಿಗೆ ಬರುವುದಿಲ್ಲ. ಎದೆಯ ಚರ್ಮ ತಂದು ಕೆನ್ನೆಗೆ ಹಾಕಿದಾಗ ಕೆಲವು ಗಂಡಸರಿಗೆ ಬಾಯಿಯೊಳಗೆ ಕೂದಲು ಬೆಳೆಯುತ್ತದೆ. ಎದೆಯ ಚರ್ಮ ತಾನೇ, ತನ್ನ ಗುಣ ಬಿಡುವುದಿಲ್ಲ. ರೇಡಿಯೇಶನ್ ಆದವರಿಗೆ ಬಹಳಷ್ಟು ಉದುರುತ್ತದೆ, ಆಗದವರಿಗೆ ಉಳಿಯುತ್ತದೆ. ಒಬ್ಬರು ಅದನ್ನು ನನಗೆ ಹೇಳಿದ್ದು ಹೆಂಡತಿಯನ್ನು ಹೊರಗೆ ಕಳಿಸಿದ ಮೇಲೆ. ಅಷ್ಟು ಕಾಲ ಒಳಗೊಳಗೇ ಹೇಸಿಕೊಂಡು ಉಣ್ಣುತ್ತಿದ್ದರಂತೆ. ಕತ್ತರಿಸಿಕೊಳ್ಳಬಹುದು, ತೆಗೆಸಬಹುದು, ಇದು ಡಾಕ್ಟರುಗಳಿಗೆಲ್ಲ ಗೊತ್ತಿರುವ ಸಂಗತಿ ಎಂದು ಯಾರೂ ಅವರಿಗೆ ಹೇಳಿಯೇ ಇರಲಿಲ್ಲ. ಹೆಂಗಸರಿಗೆ ಅದೇ ಆಪರೇಶನ್‌ನಲ್ಲಿ ಒಂದು ಬದಿಯ ಸ್ತನ ಎಳೆದುಕೊಂಡು ಆಕಾರ ಬದಲಾಗುತ್ತದೆ, ರವಿಕೆ ಸರಿಯಾಗಿ ಕೂರುವುದಿಲ್ಲ. ಬಾಯಿಯ ಆಪರೇಶನ್ ಅಂದುಕೊಂಡು ಸಹಿ ಹಾಕಿದ್ದೆವು, ಎದೆಯೂ ಹೀಗಾಗುತ್ತದೆ ಅಂದುಕೊಂಡಿರಲಿಲ್ಲ ಅನ್ನುತ್ತಾರೆ. ನಾನು ಹೆಣ್ಣಾದ್ದರಿಂದ ನನಗೆ ಹೇಳಿದರು. ಹೊಲಿಗೆಯವರಿಗೆ ಅಳತೆ ಹೇಗೆ ಕೊಡಬೇಕು, ಒಳಗೆ ಪ್ಯಾಡ್ ಹೇಗಿಡಬೇಕು ಎನ್ನುವುದೂ ಈಗ ನಮ್ಮ ಮಾತುಕತೆಯ ಭಾಗ.

ಸುಸ್ತು ಎನ್ನುವ ದೂರನ್ನು ಮಾತ್ರ ಎಲ್ಲರೂ ಹೇಳುತ್ತಾರೆ, ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ. ‘ಅಷ್ಟೆಲ್ಲ ಆಗಿದೆ, ಸುಸ್ತು ಇರಲ್ವಾ?’ ಅಂದುಬಿಡುತ್ತಾರೆ. ಕತ್ತಿಗೆ ರೇಡಿಯೇಶನ್ ಆದವರಲ್ಲಿ ಥೈರಾಯಿಡ್ ಗ್ರಂಥಿ ನಿಧಾನಕ್ಕೆ ಕುಗ್ಗುವುದು ಸಾಮಾನ್ಯ. ಅದಕ್ಕೆ 6ರಿಂದ 12 ತಿಂಗಳಿಗೊಮ್ಮೆ ಟಿಎಸ್‌ಎಚ್ ರಕ್ತ ಪರೀಕ್ಷೆ ಮಾಡಿಸಬೇಕು. ಒಂದು ಸಣ್ಣ ಪರೀಕ್ಷೆ, ದಿನಕ್ಕೊಂದು ಮಾತ್ರೆ, ಎಷ್ಟೋ ಜನ ಎದ್ದು ಓಡಾಡುತ್ತಾರೆ.

ದೂರು ಕೇಳುವುದರಿಂದ ಜೀವವೂ ಉಳಿಯುತ್ತದಾ? ಇದಕ್ಕೂ ಉತ್ತರ ಇದೆ. ನ್ಯೂಯಾರ್ಕಿನ ಮೆಮೋರಿಯಲ್ ಸ್ಲೋನ್ ಕೆಟರಿಂಗ್ ಆಸ್ಪತ್ರೆಯಲ್ಲಿ ಈಥನ್ ಬ್ಯಾಷ್ ಎಂಬ ವೈದ್ಯರು, ಕ್ಯಾನ್ಸರ್ ಹರಡಿದ್ದು ಕೀಮೋ ಪಡೆಯುತ್ತಿದ್ದ 766 ಮಂದಿಯನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಎಂದಿನ ಹಾಗೆ ಆರೈಕೆ. ಇನ್ನೊಂದು ಗುಂಪಿನವರು ತಮ್ಮ ನೋವು, ವಾಂತಿ, ಸುಸ್ತು, ಉಸಿರಾಟದ ತೊಂದರೆಗಳನ್ನು ಆಗಾಗ ಕಂಪ್ಯೂಟರಿನಲ್ಲಿ ತಾವೇ ನಮೂದಿಸಬೇಕು. ಹೆಚ್ಚಾದರೆ ನರ್ಸ್‌ಗೆ ಸೂಚನೆ ಹೋಗುತ್ತದೆ. 2017ರಲ್ಲಿ ಪ್ರಕಟವಾದ ಲೆಕ್ಕದಲ್ಲಿ ಎಂದಿನ ಆರೈಕೆಯ ಗುಂಪಿನವರ ಆಯಸ್ಸಿನ ಮಧ್ಯಬಿಂದು, ಅಂದರೆ ಅರ್ಧ ಜನ ದಾಟಿ ಬದುಕಿದ ಕಾಲ, 26 ತಿಂಗಳು. ದೂರು ಬರೆದವರದ್ದು 31.2 ತಿಂಗಳು. ಐದು ತಿಂಗಳಿಗೂ ಹೆಚ್ಚು. ಹೊಸ ಔಷಧಿ ಯಾವುದೂ ಇಲ್ಲ. ತೊಂದರೆಯನ್ನು ಬೇಗ ಹೇಳಿದರು, ಕೇಳುವವರು ಬೇಗ ಕೇಳಿದರು. ನಾನು ಈ ಅಂಕಿಗಳನ್ನು ಪ್ರತಿ ಬ್ಯಾಚಿನ ನರ್ಸಿಂಗ್ ಮಕ್ಕಳಿಗೂ ಹೇಳುತ್ತೇನೆ. ಹೇಳುವಾಗ ಈಗಲೂ ಗಂಟಲು ತುಂಬಿ ಬರುತ್ತದೆ.

ಬೇಜಾರಿನ ಸಂಗತಿಗಳು ಇನ್ನೂ ಇವೆ. ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ (ಎಬಿ-ಎಆರ್‌ಕೆ) ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗೆ ಚಿಕಿತ್ಸೆ ಸಿಗುವಂತಾದದ್ದು ಎಷ್ಟೋ ಮನೆಗಳನ್ನು ಉಳಿಸಿದೆ. ಆದರೆ ದೊಡ್ಡ ಚಿಕಿತ್ಸೆ ಮುಗಿದ ಮೇಲಿನ ವರ್ಷಗಳಲ್ಲಿ ಕೂಲಿ ಬಿಟ್ಟು ಬರುವುದು ಮನೆಗೆ ಭಾರವೇ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದು ಹೆಂಗಸರಿಗೆ ಬಸ್ ಉಚಿತವಾದ ಮೇಲೆ ನನ್ನ ಹತ್ತಿರ ಬರುವವರಲ್ಲಿ ಒಂದು ಬದಲಾವಣೆ ಕಂಡೆ. ಮೊದಲು ಮಗನಿಗೆ ಬಿಡುವಿದ್ದಾಗ, ಕೈಯಲ್ಲಿ ದುಡ್ಡಿದ್ದಾಗ ಬರುತ್ತಿದ್ದರು. ಈಗ ಆಧಾರ್ ಕಾರ್ಡ್ ಹಿಡಿದು ಒಬ್ಬರೇ ಬಸ್ ಹತ್ತಿ ಬರುತ್ತಾರೆ, ಇಲ್ಲವೇ ಅದೇ ಊರಿನ ಇನ್ನೊಬ್ಬರನ್ನು ಜೊತೆಗೆ ಕರೆತರುತ್ತಾರೆ. ಒಬ್ಬರೇ ಬಂದಾಗ ಮಾತೂ ಜಾಸ್ತಿ. ಗಂಡಸರಿಗೆ ಈ ಅನುಕೂಲ ಇಲ್ಲ, ಅವರು ತಪ್ಪಿಸಿಕೊಳ್ಳುತ್ತಲೇ ಇದ್ದಾರೆ. ಕೂಲಿ ಮಾಡುವ ಗಂಡಸರನ್ನು ತಲುಪುವುದು ಹೇಗೆ ಎನ್ನುವುದೇ ಈಗ ನನ್ನ ತಲೆಯಲ್ಲಿರುವ ಪ್ರಶ್ನೆ. ಬೆಳಗಿನ ಜಾವ ಟೊಮೆಟೊ ಮಾರುಕಟ್ಟೆಯ ಹಮಾಲಿಗಳು ಸಿಗುವ ಹೊತ್ತಿಗೆ ಅಲ್ಲಿಗೇ ಹೋಗಿ ಕೂತರೆ ಹೇಗೆ ಎಂದು ಸಹೋದ್ಯೋಗಿಗಳ ಜೊತೆ ಮಾತಾಡುತ್ತಿದ್ದೇನೆ.

ನಿಮ್ಮ ಮನೆಯಲ್ಲಿ, ಬೀದಿಯಲ್ಲಿ ಬಾಯಿ ಕ್ಯಾನ್ಸರ್‌ನಿಂದ ಗುಣವಾದವರಿದ್ದರೆ ತೋರುಬೆರಳು, ನಡುಬೆರಳು, ಉಂಗುರ ಬೆರಳು ಜೋಡಿಸಿ ಅವರ ಮುಂದಿನ ಹಲ್ಲುಗಳ ನಡುವೆ ನಿಲ್ಲಿಸಿ ನೋಡಲು ಹೇಳಿ. ಅವರದೇ ಬೆರಳು, ಉದ್ದಕ್ಕೆ, ಒಂದರ ಮೇಲೊಂದು. ಮೂರು ಹಿಡಿಸದಿದ್ದರೆ ಫಿಸಿಯೋಥೆರಪಿಯವರಿಗೆ ತೋರಿಸಿ, ಎಷ್ಟು ವರ್ಷವಾಗಿದ್ದರೂ ಪರವಾಗಿಲ್ಲ. ನುಂಗುವಾಗ ಕೆಮ್ಮು ಬರುತ್ತಿದ್ದರೆ ಗಂಜಿ ಇನ್ನಷ್ಟು ತೆಳುವಾಗಿ ಮಾಡಬೇಡಿ. ತೆಳುವಾದದ್ದೇ ಬೇಗ ಉಸಿರಿನ ದಾರಿಗೆ ಜಾರುವುದು. ನುಂಗುವಿಕೆ ನೋಡುವ ಸ್ಪೀಚ್ ಥೆರಪಿಸ್ಟ್ ಹತ್ತಿರ ಕರೆದುಕೊಂಡು ಹೋಗಿ. ಮುದ್ದೆ ತಿನ್ನಲು ಅವರು ಒಪ್ಪಿದರೆ ಗಟ್ಟಿ ಮುದ್ದೆಯ ಬದಲು ಸ್ವಲ್ಪ ಮೆತ್ತಗೆ ಮಾಡಿ, ತುತ್ತು ಸಣ್ಣದಾಗಿರಲಿ. ಹುಳಿ, ಖಾರ ಕಡಿಮೆ ಮಾಡಿ, ಬಸಳೆಯಂಥ ಲೋಳೆ ಇರುವ ಸೊಪ್ಪಿನ ಸಾರು ಮಾಡಿ. ಫಾಲೋಅಪ್‌ಗೆ ಹೋಗುವ ಮುಂಚೆ ಮೂರು ತಿಂಗಳ ತೊಂದರೆಗಳನ್ನು ಒಂದು ಚೀಟಿಯಲ್ಲಿ ಬರೆದುಕೊಡಿ. ಓದಲು ಬರದವರಾದರೆ ಮೊಮ್ಮಕ್ಕಳ ಕೈಯಲ್ಲಿ ಬರೆಸಿ. ಡಾಕ್ಟರು ‘ಹೇಗಿದ್ದೀರಿ?’ ಅಂದ ಕೂಡಲೇ ಚೆನ್ನಾಗಿದ್ದೀನಿ ಅನ್ನದೆ ಆ ಚೀಟಿಯನ್ನು ಮೇಜಿನ ಮೇಲಿಡಲಿ.